ಜೊಹಾನ್ಸ್‌ಬರ್ಗಿಗೆ ಬಾಣಂತನಕ್ಕೆ ಹೊರಟಿರುವ ಅಮ್ಮಂದಿರಿಗೆ ಒಂದು ಬಹಿರಂಗ ಪತ್ರ

ಅಕ್ಕಂದಿರೇ, ತಂಗಿಯರೇ,

ಈಗ ನೀವು ಸೂಟ್‌ಕೇಸ್ ತೂಕ ನೋಡುತ್ತಾ ಕೂತಿರುತ್ತೀರಿ. ಬಾಣಂತಿ ಲೇಹ್ಯ, ಅಂಟಿನುಂಡೆ, ಮೆಣಸು ಜೀರಿಗೆ ಪುಡಿ, ಬಜೆ ಬೇರು, ಮಗುವಿಗೆ ಹಾಸಲು ಹಳೆಯ ವಾಯಿಲ್ ಸೀರೆಯ ತುಂಡುಗಳು, ಮಗಳು ಹಾಲಿಗೆ ಹಾಕಿಕೊಂಡು ಕುಡಿಯಲಿ ಎಂದು ಕೇಸರಿಯ ಪುಟ್ಟ ಡಬ್ಬಿ. ನಾನೂ ಹೀಗೇ ದಕ್ಷಿಣ ಆಫ್ರಿಕಾಕ್ಕೆ ಹೊರಟಿದ್ದೆ. ಮೂರು ತಿಂಗಳು ಇದ್ದು ಬಂದೆ. ಅಲ್ಲಿಂದ ಬಂದ ಮೇಲೆ, ನನ್ನ ಹಾಗೆಯೇ ಹೋಗಲಿರುವ ನಿಮಗೆ ಕೆಲವು ಮಾತು ಹೇಳದೆ ಇರಲಾರೆ ಅನ್ನಿಸಿತು.

ನಾನು ಹಾಸನ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಕಲಿಸಿದವಳು. 'ವರ್ಣಭೇದ ನೀತಿ ಎಂದರೇನು?' ಎಂಬ ಪ್ರಶ್ನೆಗೆ ಎಷ್ಟು ಉತ್ತರ ಪತ್ರಿಕೆ ತಿದ್ದಿದ್ದೇನೋ ಲೆಕ್ಕವಿಲ್ಲ. 'ಚರ್ಮದ ಬಣ್ಣದ ಆಧಾರದ ಮೇಲೆ ಜನರನ್ನು ಬೇರ್ಪಡಿಸುವುದು' ಎಂದು ಬರೆದರೆ ಪೂರ್ತಿ ಅಂಕ. ಆ ಒಂದು ಸಾಲಿನೊಳಗೆ ಏನೆಲ್ಲ ಇತ್ತು ಎಂದು ಕಲಿಸಿದವಳಿಗೇ ಗೊತ್ತಿರಲಿಲ್ಲ.

ಹೋದ ಕೂಡಲೇ ನಿಮಗೆ ಸಿಗುವುದು ಎಚ್ಚರಿಕೆಯ ಮಾತುಗಳು. ಮಾಂಗಲ್ಯ ಸರ ತೆಗೆದಿಡಿ, ಒಬ್ಬರೇ ಗೇಟಿನಾಚೆ ಹೋಗಬೇಡಿ, ರೋಬೋಟಿನಲ್ಲಿ ಕಾರು ನಿಂತಾಗ ಗಾಜು ಇಳಿಸಬೇಡಿ. (ಟ್ರಾಫಿಕ್ ಸಿಗ್ನಲ್ಲಿಗೆ ಅಲ್ಲಿ ರೋಬೋಟ್ ಅನ್ನುತ್ತಾರೆ.) ಈ ಹೆದರಿಕೆ ಸುಳ್ಳಲ್ಲ. ಅಪರಾಧ ಇದೆ, ನಮ್ಮ ಮಕ್ಕಳ ಪರಿಚಯದವರಿಗೇ ಪೆಟ್ಟು ಬಿದ್ದಿದೆ. ಎಚ್ಚರದಿಂದಲೇ ಇರಿ. ಆದರೆ ಆ ಎಚ್ಚರಿಕೆಯ ಬಾಲದಲ್ಲಿ ಇನ್ನೊಂದು ಮಾತು ಅಂಟಿಕೊಂಡು ಬರುತ್ತದೆ: 'ಆ ಜನಾನೇ ಹಾಗೆ.' ಊಟಕ್ಕೆ ಸೇರಿದ ನಮ್ಮವರ ಮನೆಗಳಲ್ಲಿ, ಬಿಸಿಬೇಳೆಬಾತ್ ಬಡಿಸುತ್ತಾ, ತುಂಬ ಒಳ್ಳೆಯ ಮನಸ್ಸಿನವರ ಬಾಯಲ್ಲೇ ಈ ಮಾತು ಕೇಳಿದೆ. ಮೊದಲ ವಾರ ನಾನೂ ಹೂಂಗುಟ್ಟಿದೆ.

ಮಗಳು ಅಳಿಯ ಬಾಡಿಗೆಗಿರುವುದು ಊರಿನ ಉತ್ತರ ಭಾಗದ ಹಳೆಯ ಬಡಾವಣೆಯಲ್ಲಿ. ಆಳೆತ್ತರ ಮೀರಿದ ಗೋಡೆ, ಅದರ ಮೇಲೆ ಕರೆಂಟು ಹರಿಯುವ ತಂತಿ. ಹಿತ್ತಲಿನಲ್ಲಿ, ಮನೆಗೆ ಅಂಟದ ಹಾಗೆ, ಒಂದು ಕೋಣೆ. ಕಿಟಕಿ ಚಿಕ್ಕದು, ಅದೂ ತಲೆಗಿಂತ ಮೇಲೆ. ಒಳಗೊಂದು ಇಕ್ಕಟ್ಟಾದ ಬಚ್ಚಲು, ಬಿಸಿನೀರಿನ ನಲ್ಲಿ ಇಲ್ಲ. ಈಗ ಅಲ್ಲಿ ಪೇಂಟಿನ ಡಬ್ಬ, ಮುರಿದ ಕುರ್ಚಿ ಇಟ್ಟಿದ್ದಾರೆ. ಹಳೆಯ ಮನೆಗಳಲ್ಲೆಲ್ಲ ಇಂಥ ಕೋಣೆ ಇದೆ, ಕೆಲಸದವರಿಗೆ ಕಟ್ಟಿದ್ದು ಎಂದು ಮಗಳು ಹೇಳಿದಳು. ನಮ್ಮ ಕಡೆ ತೋಟದ ಮನೆಯ ಆಳಿನ ಕೋಣೆಯ ಹಾಗೆ ಅಂದುಕೊಂಡು ಸುಮ್ಮನಾದೆ.

ವಾರಕ್ಕೆ ಮೂರು ದಿನ ಕೆಲಸಕ್ಕೆ ಬರುತ್ತಿದ್ದವರು ಐವತ್ತೆಂಟು ವರ್ಷದ ಒಬ್ಬ ಹೆಂಗಸು. ಎರಡು ಮಿನಿಬಸ್ ಟ್ಯಾಕ್ಸಿ ಬದಲಿಸಿ, ಬೆಳಗ್ಗೆ ಏಳಕ್ಕೆಲ್ಲ ಗೇಟಿನಲ್ಲಿರುತ್ತಿದ್ದರು. ಮಗಳು ಅವರನ್ನು 'ಮಾ' ಅನ್ನುತ್ತಿದ್ದಳು. ಅಲ್ಲಿ ದೊಡ್ಡ ವಯಸ್ಸಿನ ಹೆಂಗಸರನ್ನು ಕರೆಯುವುದೇ ಹಾಗೆ. ಊರಲ್ಲಿದ್ದ ಯಜಮಾನರ ಜೊತೆ ಫೋನಿನಲ್ಲಿ ಮಾತಾಡುವಾಗ ನಾನು ಮಾತ್ರ 'ಅವಳು ಬಂದಳು, ಅವಳು ಹೋದಳು' ಅನ್ನುತ್ತಿದ್ದೆ. ಇಂಗ್ಲಿಷಿನಲ್ಲಿ ಬಚ್ಚಿಟ್ಟುಕೊಳ್ಳಬಹುದಾದದ್ದು ಕನ್ನಡದಲ್ಲಿ ಬಯಲಿಗೆ ಬೀಳುತ್ತದೆ, ನೋಡಿ. ನನಗಿಂತ ಬರೀ ನಾಲ್ಕು ವರ್ಷಕ್ಕೆ ಚಿಕ್ಕವರು ಅವರು.

ಮೂರನೆಯ ದಿನವೋ ಏನೋ, ನೆಲ ಒರೆಸಿ ಮುಗಿಸಿದವರಿಗೆ ಟೀ ಮಾಡಿ ಕೊಟ್ಟೆ. ಅಂಚು ಸ್ವಲ್ಪ ಚಕ್ಕೆ ಎದ್ದಿದ್ದ ನೀಲಿ ಕಪ್ಪಿನಲ್ಲಿ. ಬಂದ ದಿನವೇ ಅದನ್ನು ಬೇರೆ ಮಾಡಿ ಸಿಂಕಿನ ಕೆಳಗೆ, ಒರೆಸುವ ದ್ರಾವಣದ ಬಾಟಲಿಗಳ ಪಕ್ಕ ಇಟ್ಟಿದ್ದೆ. ಯಾರನ್ನೂ ಕೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ, ಕೈ ತನ್ನಷ್ಟಕ್ಕೆ ಮಾಡಿತ್ತು. ಅವರು ಕಪ್ ನೋಡಿದರು. ಕುಡಿದರು. ತೊಳೆದು ಒಯ್ದು ಸಿಂಕಿನ ಕೆಳಗೇ, ಅದೇ ಜಾಗದಲ್ಲಿ ಇಟ್ಟರು. ಎಲ್ಲಿಡಬೇಕು ಎಂದು ನನ್ನನ್ನು ಕೇಳಲಿಲ್ಲ.

ಸಂಜೆ ಮಗಳು ಮೆಲ್ಲಗೆ ಹೇಳಿದಳು: 'ಅಮ್ಮಾ, ಅವರು ಇಷ್ಟು ದಿನ ನಮ್ಮ ಕಪ್ಪಿನಲ್ಲೇ ಕುಡಿಯುತ್ತಿದ್ದರು.'

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನದಿಂದ ಇಬ್ಬರೂ ಒಂದೇ ಮೇಜಿನಲ್ಲಿ ಟೀ ಕುಡಿಯತೊಡಗಿದೆವು. ಮಗು ಹುಟ್ಟಿ, ನಾನು ಕಾಲಿನ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುವಾಗ ಅವರು ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಮಾತು ಬೆಳೆದದ್ದು ಹಾಗೆ, ಅವರ ಇಂಗ್ಲಿಷು ನನ್ನ ಇಂಗ್ಲಿಷು ಸೇರಿಕೊಂಡು.

ಅವರ ಅಮ್ಮ ಇಂಥದೇ ಒಂದು ಬಡಾವಣೆಯ ಹಿತ್ತಲ ಕೋಣೆಯಲ್ಲಿ ಇಪ್ಪತ್ತು ವರ್ಷ ಇದ್ದವರಂತೆ. ಬಿಳಿಯರ ಮೂರು ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವರು. ಸ್ವಂತ ಮಗಳು ಮಾತ್ರ ಉತ್ತರದ ಹಳ್ಳಿಯಲ್ಲಿ ಅಜ್ಜಿಯ ಹತ್ತಿರ. ಏಕೆಂದರೆ ಅಮ್ಮನ ಜೊತೆ ಮಗಳು ಇರುವಂತಿರಲಿಲ್ಲ. ಕರಿಯ ಜನ ಪರವಾನಗಿಯಿಲ್ಲದೆ ಬಿಳಿಯರ ಪಟ್ಟಣದಲ್ಲಿ 72 ಗಂಟೆಗಿಂತ ಹೆಚ್ಚು ತಂಗಿದರೆ ಅದು ಅಪರಾಧ. ಡಿಸೆಂಬರ್ ರಜೆಯಲ್ಲಿ ಒಮ್ಮೆ ಬಂದಿದ್ದಾಗ, ನಡುರಾತ್ರಿ ಪೊಲೀಸರು ಟಾರ್ಚು ಹಿಡಿದು ಬಂದರಂತೆ. ಅಮ್ಮನ ಮಂಚದ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಎತ್ತರಿಸಿದ್ದರು. ಆ ಸಂದಿಗೆ ಹುಡುಗಿಯನ್ನು ತಳ್ಳಿ, ಮುಂದೆ ತಗಡಿನ ಪೆಟ್ಟಿಗೆ ಎಳೆದರು. 'ಆ ಬೂಟುಗಳನ್ನು ನಾನು ಇಷ್ಟು ಹತ್ತಿರದಿಂದ ನೋಡಿದೆ' ಎಂದು ಅವರು ಅಂಗೈಯನ್ನು ಮೂಗಿನ ಹತ್ತಿರ ತಂದು ತೋರಿಸಿದರು. ಅಮ್ಮನ ತಟ್ಟೆ ಮತ್ತು ಲೋಟ ಎನಾಮಲ್ಲಿನವು. ಆ ಮನೆಯ ಸಿಂಕಿನ ಕೆಳಗೆ ಇರುತ್ತಿದ್ದವು.

ನಾನು ಹೇಳಬೇಕೆಂದಿರುವುದು ಇದನ್ನು. ನೀವು ಹೋಗಿ ಇಳಿಯುವ ಮನೆ, ಅದರ ಗೋಡೆ, ಹಿತ್ತಲ ಕೋಣೆ, ಕೆಲಸದವರು ಅಷ್ಟು ದೂರದಿಂದ ಬರಬೇಕಾದ ದಾರಿ, ಇವು ಯಾವುವೂ ತಾವಾಗಿಯೇ ಹಾಗಾದವಲ್ಲ. ಒಂದೊಂದಕ್ಕೂ ಒಂದು ಕಾನೂನಿತ್ತು, ಇಸವಿ ಇತ್ತು, ಸಹಿ ಇತ್ತು. ನೋಡದೆ ಬರಬೇಡಿ.

1913ರ ಭೂಮಿ ಕಾಯ್ದೆ ದೇಶದ ಬಹುಸಂಖ್ಯಾತ ಕರಿಯ ಜನರಿಗೆ ಬಿಟ್ಟಿದ್ದು ನೂರರಲ್ಲಿ ಏಳು ಪಾಲು ನೆಲ. ಮುಂದೆ 1936ರಲ್ಲಿ ಅದನ್ನು ಹದಿಮೂರಕ್ಕೆ ಏರಿಸುವುದಾಗಿ ಹೇಳಿದರು. 1948ರಲ್ಲಿ ಬಿಳಿಯರ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂದ ಮೇಲೆ ಒಂದರ ಹಿಂದೆ ಒಂದು: 1949ರಲ್ಲಿ ಬಿಳಿಯರು ಬೇರೆಯವರನ್ನು ಮದುವೆಯಾಗುವುದಕ್ಕೆ ನಿಷೇಧ, 1950ರಲ್ಲಿ ಪ್ರತಿಯೊಬ್ಬರ ಜನಾಂಗ ಬರೆದಿಡುವ ನೋಂದಣಿ ಕಾಯ್ದೆ, ಅದೇ ವರ್ಷ ಯಾವ ಜನಾಂಗ ಯಾವ ಬಡಾವಣೆಯಲ್ಲಿರಬೇಕೆಂದು ಗೆರೆ ಎಳೆಯುವ ಗ್ರೂಪ್ ಏರಿಯಾಸ್ ಕಾಯ್ದೆ, 1953ರಲ್ಲಿ ಬೆಂಚು, ಬಸ್ಸು, ಕಡಲತೀರಗಳನ್ನು ಬೇರೆ ಮಾಡುವ ಕಾಯ್ದೆ.

ಬಾಣಂತಿ ಎದ್ದು ಓಡಾಡುವಂತಾದ ಮೇಲೆ ಅಳಿಯನ ಜೊತೆ ಅಪಾರ್ಥೈಡ್ ಮ್ಯೂಸಿಯಂಗೆ ಹೋದೆ. (ವರ್ಣಭೇದ ನೀತಿಗೆ ಅಲ್ಲಿಯ ಹೆಸರು ಅಪಾರ್ಥೈಡ್.) ಟಿಕೆಟ್ ತೆಗೆದುಕೊಂಡಾಗ ಅವನದರ ಮೇಲೆ 'ಬಿಳಿಯ', ನನ್ನದರ ಮೇಲೆ 'ಬಿಳಿಯೇತರ' ಎಂದಿತ್ತು. ಕಣ್ಣು ಮುಚ್ಚಿ ಕೊಟ್ಟ ಚೀಟಿ ಅಷ್ಟೆ, ನಮ್ಮ ಮುಖ ನೋಡಿ ಕೊಟ್ಟದ್ದಲ್ಲ. ಬಾಗಿಲೂ ಬೇರೆ, ದಾರಿಯೂ ಬೇರೆ. ಕಂಬಿಗಳ ಆಚೆ ಅವನು, ಈಚೆ ನಾನು. ಇದೊಂದು ಆಟ, ಎರಡು ನಿಮಿಷಕ್ಕೆ ಮತ್ತೆ ಸೇರುತ್ತೇವೆ ಎಂದು ಗೊತ್ತಿದ್ದರೂ ಕಾಲು ನಡುಗಿತು. ಒಳಗೆ ಒಂದು ಕಡೆ ಚಾವಣಿಯಿಂದ ನೇಣಿನ ಕುಣಿಕೆಗಳು ಇಳಿಬಿದ್ದಿವೆ. ಗಲ್ಲಿಗೇರಿದ ರಾಜಕೀಯ ಕೈದಿಗಳಿಗೆ ಒಂದೊಂದು, ಒಟ್ಟು 131.

ಅಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಜನಾಂಗ ನಿರ್ಧರಿಸುತ್ತಿದ್ದ ಬಗೆ. ಸಂಶಯ ಬಂದರೆ ಕೂದಲಿಗೆ ಪೆನ್ಸಿಲ್ ಸಿಕ್ಕಿಸುವುದು. ಜಾರಿ ಬಿದ್ದರೆ ಒಂದು ಜನಾಂಗ, ಸಿಕ್ಕಿಕೊಂಡರೆ ಇನ್ನೊಂದು. ಸಾಂಡ್ರಾ ಲೇಯಿಂಗ್ ಎಂಬ ಹುಡುಗಿ ಬಿಳಿಯ ದಂಪತಿಗೆ 1955ರಲ್ಲಿ ಹುಟ್ಟಿದಳು. ಚರ್ಮ ಕಂದು, ಕೂದಲು ಗುಂಗುರು. ಹತ್ತು ವರ್ಷದವಳಿದ್ದಾಗ, 1966ರಲ್ಲಿ, ಬೋರ್ಡಿಂಗ್ ಶಾಲೆಯಿಂದ ಅವಳನ್ನು ಹೊರಹಾಕಿ ಪೊಲೀಸರ ಕೈಲಿ ಮನೆಗೆ ಕಳಿಸಿದರು, ಸರ್ಕಾರ ಅವಳನ್ನು 'ಕಲರ್ಡ್', ಅಂದರೆ ಮಿಶ್ರ ಜನಾಂಗದವಳು, ಎಂದು ಬರೆದುಕೊಂಡಿತು. ಹೆತ್ತವರು ಹೋರಾಡಿದ ಮೇಲೆ ಮತ್ತೆ 'ಬಿಳಿಯಳು' ಎಂದು ಬದಲಾಯಿತು. ಇದನ್ನು ಓದುತ್ತಾ ನಿಂತಿದ್ದಾಗ ನನ್ನ ಮೊಬೈಲಿನಲ್ಲಿ ಊರಿನ ಸಂದೇಶ ಬಂತು. ಓರಗಿತ್ತಿಯದು. ಮಗುವಿನ ಫೋಟೋ ನೋಡಿ ಬರೆದಿದ್ದಳು: 'ಬಣ್ಣ ಯಾರದು? ಸ್ವಲ್ಪ ಕಪ್ಪು ಅನ್ಸತ್ತೆ, ಕೂದಲು ಮಾತ್ರ ಚೆನ್ನಾಗಿದೆ.' ಅವಳದೇನೂ ತಪ್ಪಿಲ್ಲ. ಕೇಸರಿ ಡಬ್ಬಿ ಕಟ್ಟಿಕೊಂಡು ಹೋದವಳು ನಾನು.

ನಾವು ಭಾರತೀಯರು ಆ ವ್ಯವಸ್ಥೆಯಲ್ಲಿ ಎಲ್ಲಿದ್ದೆವು? ನಮ್ಮವರು ಅಲ್ಲಿಗೆ ಹೋದಾಗ ಗಾಂಧೀಜಿಯನ್ನು ರೈಲಿನಿಂದ ದಬ್ಬಿದ ಪೀಟರ್‌ಮಾರಿಟ್ಸ್‌ಬರ್ಗ್ ಸ್ಟೇಷನ್ ನೋಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ನೋಡಬೇಕಾದದ್ದೇ. 1860ರ ನವೆಂಬರ್ 16ರಂದು ಟ್ರೂರೋ ಎಂಬ ಹಡಗಿನಲ್ಲಿ ಮದರಾಸಿನಿಂದ ಡರ್ಬನ್ನಿಗೆ ಕಬ್ಬಿನ ಗದ್ದೆಯ ಕೂಲಿಗೆಂದು ಬಂದಿಳಿದ ಜನರಿಂದ ಹಿಡಿದು, ಭಾರತೀಯರು ಅಲ್ಲಿ ಪಟ್ಟ ಪಾಡು ಸಣ್ಣದಲ್ಲ. 1961ರವರೆಗೆ ಸರ್ಕಾರ ಅವರನ್ನು ಆ ದೇಶದವರೆಂದೇ ಎಣಿಸಲಿಲ್ಲ. ಜೊಹಾನ್ಸ್‌ಬರ್ಗಿನ ಒಳಗೇ ಇದ್ದ ಫಿಯೆಟಾಸ್‌ನಲ್ಲಿ ಅಂಗಡಿ ಬೀದಿ ಕಟ್ಟಿಕೊಂಡು ಬಾಳುತ್ತಿದ್ದವರ ಮನೆ ಕೆಡವಿ, ಊರಾಚೆ ದಕ್ಷಿಣಕ್ಕೆ ಮೂವತ್ತು ಕಿಲೋಮೀಟರ್ ದೂರದ ಲೆನೇಸಿಯಾಗೆ ಅಟ್ಟಿದರು. ನಾವು ಇವತ್ತು ಸಾಂಬಾರು ಸಾಮಾನು, ಕರಿಬೇವು ತರಲು ಕಾರು ಹತ್ತಿ ಲೆನೇಸಿಯಾಗೆ ಹೋಗುತ್ತೇವಲ್ಲ, ಆ ಊರು ಹುಟ್ಟಿದ್ದು ಹಾಗೆ.

ಆದರೆ ಏಣಿಯಲ್ಲಿ ನಾವು ಕೆಳಗಿನ ಮೆಟ್ಟಿಲಿನಲ್ಲಿರಲಿಲ್ಲ. ಅದನ್ನೂ ಹೇಳಬೇಕು. 1964ರಲ್ಲಿ ಬಿಳಿಯರ ಸರ್ಕಾರದ ವಿರುದ್ಧ ಹೋರಾಡಿದವರ ಮೇಲೆ ನಡೆದ ರಿವೋನಿಯಾ ಮೊಕದ್ದಮೆಯಲ್ಲಿ ಮಂಡೇಲಾ ಜೊತೆ ಜೀವಾವಧಿ ಶಿಕ್ಷೆಯಾದವರಲ್ಲಿ ಅಹ್ಮದ್ ಕತ್ರಾಡಾ ಒಬ್ಬರೇ ಭಾರತೀಯ ಮೂಲದವರು. ರಾಬೆನ್ ದ್ವೀಪದ ಜೈಲಿನಲ್ಲಿ ಅವರಿಗೆ ಉದ್ದ ಪ್ಯಾಂಟು, ಮಂಡೇಲಾ ಅವರಿಗೆ ಚಡ್ಡಿ. ಭಾರತೀಯ ಮತ್ತು ಕಲರ್ಡ್ ಕೈದಿಗೆ ಬ್ರೆಡ್ಡು, ಜಾಮು. ಆಫ್ರಿಕನ್ ಕೈದಿಗೆ ಎರಡೂ ಇಲ್ಲ. ಒಂದೇ ಅಪರಾಧ, ಒಂದೇ ಶಿಕ್ಷೆ, ತಟ್ಟೆ ಬೇರೆ. ಜನರನ್ನು ಆಳುವವರಿಗೆ ಒಂದು ತುಂಡು ಬ್ರೆಡ್ಡು ಎಷ್ಟು ಕೆಲಸಕ್ಕೆ ಬರುತ್ತದೆ! ಕತ್ರಾಡಾ ಅಂಥವರು ಅದಕ್ಕೆ ಬಲಿಯಾಗಲಿಲ್ಲ. 1984ರಲ್ಲಿ ಭಾರತೀಯರಿಗೆಂದೇ ಪಾರ್ಲಿಮೆಂಟಿನಲ್ಲಿ ಬೇರೆ ಸದನ ಕೊಟ್ಟು, ಕರಿಯರನ್ನು ಹೊರಗಿಟ್ಟು ಚುನಾವಣೆ ನಡೆಸಿದಾಗ ಅಲ್ಲಿನ ಬಹುಪಾಲು ಭಾರತೀಯರು ಮತಗಟ್ಟೆಯ ಕಡೆ ತಲೆಹಾಕಲಿಲ್ಲ. ಜೊಹಾನ್ಸ್‌ಬರ್ಗಿನ ಮಧ್ಯದಲ್ಲಿ ಒಂದು ದೊಡ್ಡ ಪೊಲೀಸ್ ಕಟ್ಟಡವಿದೆ, ಆಗ ಅದರ ಹೆಸರು ಜಾನ್ ವೋರ್ಸ್ಟರ್ ಸ್ಕ್ವೇರ್. 1971ರಲ್ಲಿ ಅಹ್ಮದ್ ತಿಮೋಲ್ ಎಂಬ ಇಪ್ಪತ್ತೊಂಬತ್ತು ವರ್ಷದ ಶಾಲಾ ಮೇಷ್ಟರು ಪೊಲೀಸರ ವಶದಲ್ಲಿದ್ದಾಗ ಅದರ ಹತ್ತನೆಯ ಮಹಡಿಯಿಂದ ಬಿದ್ದು ಸತ್ತರು. ಪೊಲೀಸರು ಆತ್ಮಹತ್ಯೆ ಅಂದರು. 1996ರಲ್ಲಿ ಅವರ ತಾಯಿ ಆ ಕಾಲದ ಅನ್ಯಾಯಗಳನ್ನು ವಿಚಾರಿಸಲು ಕೂಡಿಸಿದ್ದ ಸತ್ಯ ಮತ್ತು ಸಂಧಾನ ಆಯೋಗದ ಮುಂದೆ ಕೂತು ಮಗನಿಗೇನಾಯಿತು ಹೇಳಿ ಎಂದು ಕೇಳಿದರು. ಅದು ಆತ್ಮಹತ್ಯೆಯಲ್ಲ, ಕೊಲೆ ಎಂದು ನ್ಯಾಯಾಲಯ ಹೇಳಿದ್ದು 2017ರಲ್ಲಿ. ಆ ಹೊತ್ತಿಗೆ ತಾಯಿ ಇರಲಿಲ್ಲ.

ಇಂಥವರು ನಮ್ಮವರು ಎಂದು ಎದೆ ಉಬ್ಬಿಸುವಾಗ ಇನ್ನೊಂದು ಲೆಕ್ಕವೂ ನೆನಪಿರಲಿ. 1949ರ ಜನವರಿಯಲ್ಲಿ ಡರ್ಬನ್ನಿನಲ್ಲಿ ಆಫ್ರಿಕನ್ನರಿಗೂ ಭಾರತೀಯರಿಗೂ ಗಲಭೆಯಾಗಿ 142 ಜನ ಸತ್ತರು. ಭಾರತೀಯರಿಗೆಂದೇ ಕಟ್ಟಿದ್ದ ಫೀನಿಕ್ಸ್ ಎಂಬ ಡರ್ಬನ್ ಬಡಾವಣೆಯಲ್ಲಿ 2021ರ ಜುಲೈನಲ್ಲಿ ಗಲಭೆಯಾಗಿ ಮೂವತ್ತಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಹೆಚ್ಚಿನವರು ಆಫ್ರಿಕನ್ನರು. ಅದಕ್ಕೆ ಹತ್ತಿರದಲ್ಲೇ ಗಾಂಧೀಜಿ 1904ರಲ್ಲಿ ಕಟ್ಟಿದ ಫೀನಿಕ್ಸ್ ಆಶ್ರಮ. ಕಾನೂನು ಹೋಗಿ ಮೂವತ್ತು ವರ್ಷವಾದರೂ ಗೆರೆ ಎಳೆದ ನೆಲದಲ್ಲಿ ಜನ ಇನ್ನೂ ಗೆರೆಯ ಈಚೆ ಆಚೆಯೇ ಇದ್ದಾರೆ. 'ಆ ಜನಾನೇ ಹಾಗೆ' ಎಂದು ಊಟದ ಮನೆಯಲ್ಲಿ ಯಾರಾದರೂ ಅಂದಾಗ ದಯವಿಟ್ಟು ಹೂಂಗುಟ್ಟಬೇಡಿ. ನಿಮ್ಮ ಮೊಮ್ಮಗು ತೊಡೆಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿರುತ್ತದೆ.

ಜೊಹಾನ್ಸ್‌ಬರ್ಗಿನ ಅಂಚಿನಲ್ಲಿರುವ ಕರಿಯರ ಬಡಾವಣೆ ಸೊವೆಟೋಗೆ ಹೋಗಿ. ಹಗಲು ಹೊತ್ತು, ಗೊತ್ತಿರುವವರ ಜೊತೆ ಹೋಗಿ, ಆದರೆ ಹೋಗಿ. ಕೆಜಿಎಫ್‌ನ ಸೈನೈಡ್ ಗುಡ್ಡ ನೋಡಿದವರಿಗೆ ದಾರಿಯಲ್ಲಿ ಸಿಗುವ ಹಳದಿ ಗುಡ್ಡಗಳ ಗುರುತು ಹತ್ತುತ್ತದೆ. ಅಲ್ಲೂ ಚಿನ್ನ ತೆಗೆದು ಎಸೆದ ಮಣ್ಣು. ಆ ಗುಡ್ಡಗಳ ಆಚೆಗೆ ಗಣಿಗೂ ಮನೆಗೆಲಸಕ್ಕೂ ಬೇಕಾದ ಜನರನ್ನು ಇಟ್ಟರು. ಓರ್ಲಾಂಡೋ ವೆಸ್ಟ್‌ನಲ್ಲಿ ಹೆಕ್ಟರ್ ಪೀಟರ್ಸನ್ ಮ್ಯೂಸಿಯಂ ಇದೆ. ಮೇಷ್ಟ್ರಾದವರು ಅಲ್ಲಿ ಒಂದಿಡೀ ಮಧ್ಯಾಹ್ನ ಇಟ್ಟುಕೊಳ್ಳಿ.

ಅಲ್ಲಿ ನಡೆದದ್ದು ಶಾಲೆಯ ವಿಷಯ. 1953ರ ಬಾಂಟು (ಕರಿಯರಿಗೆ ಸರ್ಕಾರ ಬಳಸುತ್ತಿದ್ದ ಹೆಸರು) ಶಿಕ್ಷಣ ಕಾಯ್ದೆ ತಂದ ಮಂತ್ರಿ ವೆರ್ವೂರ್ಡ್ ಬಹಿರಂಗವಾಗಿಯೇ ಹೇಳಿದ್ದ: ಒಂದು ಬಗೆಯ ಕೂಲಿ ಕೆಲಸದ ಮೇಲೆ ಈ ಜನರಿಗೆ ಬಿಳಿಯರ ಸಮಾಜದಲ್ಲಿ ಜಾಗವಿಲ್ಲ, ಹಾಗಿರುವಾಗ ಈ ಮಕ್ಕಳಿಗೆ ಗಣಿತ ಕಲಿಸಿ ಏನು ಪ್ರಯೋಜನ ಎಂದು. ಮುಂದೆ 1974ರಲ್ಲಿ ಬಂದ ಆದೇಶದಂತೆ ಅರ್ಧ ಪಾಠಗಳನ್ನು ಆಳುವವರ ನುಡಿಯಾದ ಆಫ್ರಿಕಾನ್ಸ್‌ನಲ್ಲಿ ಕಲಿಸಬೇಕಾಯಿತು. ಗಣಿತ ಮತ್ತು ಸಮಾಜ ವಿಜ್ಞಾನ. ನನ್ನ ವಿಷಯ! ಬರದ ಭಾಷೆಯಲ್ಲಿ ಪಾಠ ಮಾಡಬೇಕಾದ ಮೇಷ್ಟರನ್ನೂ, ತಿಳಿಯದ ಭಾಷೆಯಲ್ಲಿ ಪರೀಕ್ಷೆ ಬರೆಯಬೇಕಾದ ಮಕ್ಕಳನ್ನೂ ನೆನೆದು ಹೊಟ್ಟೆ ಕಿವುಚಿತು. 1976ರ ಜೂನ್ 16ರಂದು ಆ ಮಕ್ಕಳು ಸಮವಸ್ತ್ರದಲ್ಲೇ ಬೀದಿಗಿಳಿದರು. ಪೊಲೀಸರು ಗುಂಡು ಹಾರಿಸಿದರು. ಸ್ಯಾಮ್ ನ್ಜಿಮಾ ತೆಗೆದ ಚಿತ್ರ ನೀವೂ ನೋಡಿರಬಹುದು: ಗುಂಡು ತಗುಲಿದ ಹನ್ನೆರಡು ವರ್ಷದ ಹೆಕ್ಟರ್‌ನನ್ನು ಹೊತ್ತು ಓಡುತ್ತಿರುವ ಹುಡುಗ, ಪಕ್ಕದಲ್ಲಿ ಅಂಗೈ ಎತ್ತಿ ಅಳುತ್ತಾ ಓಡುತ್ತಿರುವ ಅಕ್ಕ. ಹೊತ್ತು ಓಡಿದ ಹುಡುಗನ ಹೆಸರು ಎಂಬುಯಿಸಾ ಮಖುಬೊ. ಆ ಚಿತ್ರದಿಂದಾಗಿ ಪೊಲೀಸರ ಕಾಟ ತಾಳಲಾರದೆ ಅವನು ದೇಶ ಬಿಟ್ಟ. 1978ರಲ್ಲಿ ನೈಜೀರಿಯಾದಿಂದ ತಾಯಿಗೆ ಒಂದು ಕಾಗದ ಬಂತು. ಆಮೇಲೆ ಸುದ್ದಿಯೇ ಇಲ್ಲ.

ಮಾ ಅವರನ್ನೂ ಜೊತೆಗೆ ಕರೆದಿದ್ದೆ. ಅವರು ಬರಲಿಲ್ಲ. 'ಅಲ್ಲಿ ಏನಿದೆಯೋ ಅದು ನನಗೆ ಗೊತ್ತು. ನೀವು ನೋಡಿ ಬನ್ನಿ' ಅಂದರು. ನಿಮ್ಮ ಮನೆಗೆ ಬರುವವರನ್ನು ಕೇಳುವಾಗ ಇದು ನೆನಪಿರಲಿ. ಅವರ ಕಥೆ ಅವರದು. ಅವರಿಗೆ ಹೇಳಬೇಕೆನಿಸಿದಾಗ ಹೇಳುತ್ತಾರೆ, ಅದಕ್ಕೆ ಮೊದಲು ನಾವು ಕೂತು ಟೀ ಕುಡಿದಿರಬೇಕು.

ನಾನು ನೋಡಿ ಬಂದ ಮೇಲೆ ಒಂದು ದಿನ ಅವರೇ ಕೇಳಿದರು: 'ನಿಮ್ಮ ದೇಶದಲ್ಲೂ ಬಿಳಿಯರಿದ್ದರಲ್ಲ?'

ಇದ್ದರು, 1947ರಲ್ಲಿ ಹೋದರು ಅಂದೆ.

'ಕಪ್ ಬೇರೆ ಇಡುವುದನ್ನು ಅವರೇ ಹೇಳಿಕೊಟ್ಟದ್ದಾ?'

ನಾನು ಸುಳ್ಳು ಹೇಳಬಹುದಿತ್ತು. ಹೌದು ಎಂದಿದ್ದರೆ ಅವರು ನಂಬುತ್ತಿದ್ದರು, ಇಬ್ಬರಿಗೂ ಸಮಾಧಾನವಾಗುತ್ತಿತ್ತು. ಇಲ್ಲ ಅಂದೆ. ನನ್ನ ಅಮ್ಮನಿಂದ ಕಲಿತೆ, ಅವಳು ಅವಳ ಅಮ್ಮನಿಂದ. ನಮ್ಮಲ್ಲಿ ಅದಕ್ಕೆ ಚರ್ಮದ ಬಣ್ಣ ನೋಡಬೇಕಾಗಿಲ್ಲ, ಹುಟ್ಟಿದ ಜಾತಿ ಸಾಕು. ನಮ್ಮ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿದ್ದು 1950ರಲ್ಲಿ. ನಿಮ್ಮಲ್ಲಿ ಜನರನ್ನು ವಿಂಗಡಿಸುವ ಕಾಯ್ದೆ ಬಂತಲ್ಲ, ಅದೇ ವರ್ಷ. ನಿಮ್ಮಲ್ಲಿ ಕಾನೂನು ಕೆಟ್ಟದಿತ್ತು, ನಮ್ಮಲ್ಲಿ ಕಾನೂನು ಒಳ್ಳೆಯದಿದೆ. ಆದರೂ ನಮ್ಮ ಹಳ್ಳಿಯ ಹೋಟೆಲುಗಳಲ್ಲಿ ಎರಡು ಲೋಟದ ಪದ್ಧತಿ ನಾನು ಕಣ್ಣಾರೆ ಕಂಡಿದ್ದೇನೆ. ಇಷ್ಟನ್ನು ನನ್ನ ಇಂಗ್ಲಿಷಿನಲ್ಲಿ ಹೇಳಲು ಬಹಳ ಹೊತ್ತು ಹಿಡಿಯಿತು. ಅವರು ಮಗುವಿನ ಬಟ್ಟೆ ಮಡಚುತ್ತಾ ಕೇಳಿಸಿಕೊಂಡರು. ಏನೂ ಅನ್ನಲಿಲ್ಲ.

ಭಾರತ ಆ ದೇಶದ ಅನ್ಯಾಯವನ್ನು ವಿಶ್ವಸಂಸ್ಥೆಗೆ ಒಯ್ದದ್ದು 1946ರಲ್ಲೇ, ಇನ್ನೂ ನಮಗೇ ಸ್ವಾತಂತ್ರ್ಯ ಬಂದಿರಲಿಲ್ಲ. ವ್ಯಾಪಾರ ನಿಲ್ಲಿಸಿದ ಮೊದಲ ದೇಶ ನಮ್ಮದು. ನಮ್ಮ ಪಾಸ್‌ಪೋರ್ಟು ಬಹಳ ವರ್ಷ ದಕ್ಷಿಣ ಆಫ್ರಿಕಾಕ್ಕೆ ಸಲ್ಲುತ್ತಿರಲಿಲ್ಲ. 1974ರಲ್ಲಿ ಆ ದೇಶದ ಎದುರಿನ ಡೇವಿಸ್ ಕಪ್ ಟೆನಿಸ್ ಫೈನಲ್ಲನ್ನೇ ಆಡದೆ ಬಿಟ್ಟುಕೊಟ್ಟೆವು. ಇದನ್ನು ತರಗತಿಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆ, ಇವತ್ತೂ ಹೇಳುತ್ತೇನೆ. ಅದೇ ಭಾರತ 2001ರಲ್ಲಿ ಡರ್ಬನ್ನಿನಲ್ಲಿ ಜನಾಂಗಭೇದದ ವಿರುದ್ಧ ವಿಶ್ವಸಮ್ಮೇಳನ ನಡೆದಾಗ, ಜಾತಿಯ ವಿಷಯ ಇಲ್ಲಿ ಬೇಡ ಎಂದು ವಾದಿಸಿತು. ದಲಿತ ಸಂಘಟನೆಗಳವರು ಅಷ್ಟು ದೂರ ಹೋಗಿ ಹೇಳಲು ಬಂದದ್ದೇ ಅದನ್ನು. ತರಗತಿಯಲ್ಲಿ ಇದನ್ನು ನಾನು ಒಂದು ದಿನವೂ ಹೇಳಿರಲಿಲ್ಲ.

ಲೇಹ್ಯದ ಡಬ್ಬಿ, ಅಂಟಿನುಂಡೆ ಎಲ್ಲ ತಗೊಂಡು ಹೋಗಿ. ಕೇಸರಿ ಬೇಕಾದರೆ ಪಾಯಸಕ್ಕೆ ಹಾಕಿ. ಕ್ರೂಗರ್ ಕಾಡಿನಲ್ಲಿ ಸಿಂಹ ನೋಡಿ, ಕೇಪ್‌ಟೌನಿನಲ್ಲಿ ಟೇಬಲ್ ಬೆಟ್ಟ ಹತ್ತಿ. ಅದೇ ಕೇಪ್‌ಟೌನಿನಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಮ್ಯೂಸಿಯಂ ಇದೆ. ಆ ಬಡಾವಣೆ ಬಿಳಿಯರಿಗೆ ಮೀಸಲು ಎಂದು 1966ರಲ್ಲಿ ಸಾರಿ, ಮುಂದಿನ ವರ್ಷಗಳಲ್ಲಿ ಸುಮಾರು 60,000 ಜನರನ್ನು ಎಬ್ಬಿಸಿದರು. ಮ್ಯೂಸಿಯಮ್ಮಿನ ನೆಲದ ಮೇಲೆ ಆ ಬೀದಿಗಳ ನಕ್ಷೆ ಹಾಸಿದ್ದಾರೆ, ಅಲ್ಲಿದ್ದವರು ಬಂದು ಬಗ್ಗಿ ತಮ್ಮ ಮನೆಯಿದ್ದ ಜಾಗದಲ್ಲಿ ಹೆಸರು ಬರೆದಿದ್ದಾರೆ. ಜೊಹಾನ್ಸ್‌ಬರ್ಗಿನಲ್ಲಿ ಕಾನ್‌ಸ್ಟಿಟ್ಯೂಷನ್ ಹಿಲ್ ತಪ್ಪಿಸಬೇಡಿ. ಗಾಂಧೀಜಿಯನ್ನೂ ಮಂಡೇಲಾ ಅವರನ್ನೂ ಕೂಡಿಹಾಕಿದ್ದ ಜೈಲಿನ ಆವರಣದಲ್ಲೇ ದೇಶದ ಅತ್ಯುನ್ನತ ನ್ಯಾಯಾಲಯ ಕಟ್ಟಿದ್ದಾರೆ, ಕೆಡವಿದ ಜೈಲಿನ ಇಟ್ಟಿಗೆಗಳನ್ನೇ ತಂದು. ಆ ಗೋಡೆಯನ್ನು ಮುಟ್ಟಿ ನೋಡಿ.

ನಾನು ಊರಿಗೆ ಬಂದು ಮೂರು ತಿಂಗಳಾಯಿತು. ನಮ್ಮ ಮನೆಯ ಹಿತ್ತಲ ಬಾಗಿಲ ಪಕ್ಕ ಗೋಡೆಯಲ್ಲೊಂದು ಗೂಡಿದೆ. ಹದಿನಾಲ್ಕು ವರ್ಷದಿಂದ ನಮ್ಮಲ್ಲಿ ಪಾತ್ರೆ ತೊಳೆಯುವವರ ಸ್ಟೀಲ್ ಲೋಟ ಅಲ್ಲಿರುತ್ತಿತ್ತು. ಬಂದ ಮರುದಿನವೇ ಅದನ್ನು ತಂದು ಅಡುಗೆಮನೆಯಲ್ಲಿ ನಮ್ಮ ಲೋಟಗಳ ಸಾಲಿನಲ್ಲಿಟ್ಟೆ. 'ಕೂತ್ಕೊಳ್ಳಿ, ಕಾಫಿ ಕುಡಿಯೋಣ' ಅಂದರೆ, 'ಅದ್ಯಾಕವ್ವ ನನ್ನ ನೀವು ತಾವು ಅಂತೀರ' ಎಂದು ಗಾಬರಿಯಾದರು. ನಿಂತೇ ಕುಡಿಯುತ್ತಾರೆ. ಕುಡಿದು, ತೊಳೆದು, ಈಗಲೂ ಒಯ್ದು ಗೂಡಿನಲ್ಲೇ ಇಡುತ್ತಾರೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನು ಹೋಗಿ ಅದನ್ನು ಒಳಗೆ ತರುತ್ತೇನೆ.

ಇಂತಿ,
ಒಬ್ಬ ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ
ಹಾಸನ ಜಿಲ್ಲೆ